ಬಾವಲಿಯ ಕೈ

ನಾನು ದೆಹಲಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದ ತುದಿಯಲ್ಲಿ ಒಂದು ಉದ್ದನೆಯ ಕೋಣೆ ಇತ್ತು. ಎಲ್ಲರೂ ಅದನ್ನು ಮ್ಯೂಸಿಯಂ ಎನ್ನುತ್ತಿದ್ದರು. ಹೊರಗಿನವರು ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರವಾದಾಗ ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡು ಬಂದು, ಚಿತ್ರ ಬರೆದುಕೊಂಡು ಓಡುತ್ತಿದ್ದರು. ಮೂರು ಗೋಡೆಗಳಿಗೂ ಮರದ ಕಪಾಟು, ಕಪಾಟಿನ ತುಂಬ ಗಾಜಿನ ಜಾಡಿಗಳು, ಜಾಡಿಗಳಲ್ಲಿ ಫಾರ್ಮಲಿನ್ ದ್ರವದಲ್ಲಿ ಮುಳುಗಿಸಿಟ್ಟ ಪ್ರಾಣಿಗಳು. ಬಾಗಿಲು ತೆರೆದ ಕೂಡಲೇ ಕಣ್ಣು ಉರಿಯುತ್ತಿತ್ತು.

ನನಗೆ ಆ ಕೋಣೆ ಮೊದಲ ದಿನವೇ ಹಿಡಿಸಿತು. ದಾವಣಗೆರೆಯಲ್ಲಿ ಓದುವಾಗ ಪುಸ್ತಕದ ಮಸುಕು ಚಿತ್ರಗಳಲ್ಲಿ ಮಾತ್ರ ನೋಡಿದ್ದವೆಲ್ಲ ಇಲ್ಲಿ ಸಾಲಾಗಿ ನಿಂತಿದ್ದವು. ಬಾಲ ಸುರುಳಿ ಸುತ್ತಿಕೊಂಡ ಸಮುದ್ರಕುದುರೆ. ಅವುಗಳಲ್ಲಿ ಮರಿ ಹೊರುವುದು ಗಂಡು. ಪಕ್ಕೆಲುಬುಗಳನ್ನೇ ಹೊರಕ್ಕೆ ಚಾಚಿ, ಅವುಗಳ ಮೇಲೆ ಚರ್ಮ ಹೊದ್ದು, ಮರದಿಂದ ಮರಕ್ಕೆ ತೇಲುವ ಓತಿ. ಆಳ ಸಮುದ್ರದ ಒಂದು ಸ್ಪಂಜು ಜೀವಿ ಇತ್ತು. ಅದರ ಮೈಯೆಲ್ಲ ಗಾಜಿನ ಎಳೆ, ಯಾರೋ ಕುಳಿತು ಕ್ರೋಶಾ ಹಾಕಿದಷ್ಟು ನಯ. ಅದನ್ನು ನೋಡುತ್ತ ನಿಂತರೆ ಮುಂದಿನ ಕ್ಲಾಸಿನ ಗಂಟೆ ಹೊಡೆದದ್ದೂ ತಿಳಿಯುತ್ತಿರಲಿಲ್ಲ.

ಜಾಡಿಗಳನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಲ್ಯಾಬ್ ಅಟೆಂಡೆಂಟ್. ಸೈನ್ಯದ ವೈದ್ಯಕೀಯ ದಳದಲ್ಲಿದ್ದು, ನಿವೃತ್ತರಾದ ಮೇಲೆ ಕಾಲೇಜಿಗೆ ಬಂದವರು. ಎತ್ತರದ ಆಳು, ನೆಟ್ಟಗಿನ ಬೆನ್ನು, ದಿನವೂ ಇಸ್ತ್ರಿ ಮಾಡಿದ ಅಂಗಿ. ಎಲ್ಲರೂ ಅವರನ್ನು ಫೌಜಿ ಸಾಬ್ ಎಂದು ಕರೆಯುತ್ತಿದ್ದರು. ಮೊದಲ ವಾರದಲ್ಲಿ ಒಂದು ದಿನ ನಾನು ಒಂದು ಜಾಡಿಯ ಮುಂದೆ ನಿಂತು, ನನ್ನಷ್ಟಕ್ಕೆ, "ಇದ್ಯಾಕೆ ಹಿಂಗೆ ಒಣಗಿದೆ" ಎಂದೆ. ಹಿಂದಿನಿಂದ ಕನ್ನಡದಲ್ಲೇ ಉತ್ತರ ಬಂತು.

"ಮುಚ್ಚಳದ ಮೇಣ ಬಿಟ್ಟಿದೆ ಮೇಡಂ. ನಾಳೆ ತುಂಬಿಸ್ತೇನೆ."

ಅವರು ಕೊಡಗಿನವರು. ಮನೆಯಲ್ಲಿ ಕೊಡವ ಮಾತು, ಶಾಲೆಯಲ್ಲಿ ಕಲಿತ ಕನ್ನಡ, ಇಲ್ಲಿ ದಿನವಿಡೀ ಹಿಂದಿ. ಕನ್ನಡ ಮಾತಾಡಿ ಎಷ್ಟೋ ದಿನವಾಗಿತ್ತು ಎಂದರು. ಆಮೇಲೆ ಕೆಳಗಿನ ಸಾಲಿನಿಂದ ಒಂದು ಜಾಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ದಪ್ಪ ಎರೆಹುಳದಂಥ ಕರಿನೀಲಿ ಪ್ರಾಣಿ, ಪಕ್ಕದಲ್ಲಿ ಉದ್ದಕ್ಕೆ ಒಂದು ಹಳದಿ ಗೆರೆ. ಕಾಲಿಲ್ಲ, ಕಣ್ಣು ಇದ್ದೂ ಇಲ್ಲದಷ್ಟು ಸಣ್ಣದು. ಕಪ್ಪೆಯ ದೂರದ ನೆಂಟ ಅದು. ತನ್ನ ಮೊಟ್ಟೆಗಳ ಗೊಂಚಲಿನ ಸುತ್ತ ಸುತ್ತಿಕೊಂಡೇ ಸತ್ತಿತ್ತು.

"ಇದು ನಮ್ಮ ಕಡೆದು" ಎಂದರು. "ತೋಟದಲ್ಲಿ ಮಣ್ಣು ಅಗೆಯುವಾಗ ಸಿಗ್ತಿತ್ತು. ಎರಡು ತಲೆ ಹಾವು ಅಂತ ಹೆದರಿ ಹೊಡೆದು ಹಾಕ್ತಿದ್ದೆವು. ಇಲ್ಲಿಗೆ ಬಂದು ಚೀಟಿ ಓದಿದ ಮೇಲೆ ಗೊತ್ತಾಯ್ತು, ಪಾಪದ್ದು ಅಂತ. ಮೊಟ್ಟೆ ಬಿಟ್ಟು ಏಳೋದಿಲ್ಲವಂತೆ."

ಅಂದಿನಿಂದ ನಾನು ಅವರನ್ನು ಅಣ್ಣ ಎಂದು ಕರೆಯತೊಡಗಿದೆ. ಅವರು ಮಾತ್ರ ಕೊನೆಯವರೆಗೂ ಮೇಡಂ ಎನ್ನುವುದನ್ನು ಬಿಡಲಿಲ್ಲ. ನಮ್ಮಂತೆಯೇ ಅವರೂ ರೋಹಿಣಿ ಬಡಾವಣೆಯಲ್ಲಿದ್ದರು, ನಮ್ಮಿಂದ ಎರಡು ಸೆಕ್ಟರ್ ಆಚೆ. ಅವರ ಹೆಂಡತಿ ಕಟ್ಟಿಕೊಟ್ಟ ಅಕ್ಕಿ ಒಟ್ಟಿಯಲ್ಲಿ, ಅಂದರೆ ಅವರ ಕಡೆಯ ಅಕ್ಕಿ ರೊಟ್ಟಿಯಲ್ಲಿ, ನನಗೂ ಒಂದು ಪಾಲು ಇರುತ್ತಿತ್ತು. ಊರಿನಿಂದ ಅವರ ತಮ್ಮ ಕಾಫಿ ಪುಡಿ ಕಳಿಸುತ್ತಿದ್ದ. ಒಂದು ಸಲ ಸ್ಟಾಫ್ ರೂಮಿನಲ್ಲಿ ಆ ಡಬ್ಬಿ ಬಿಚ್ಚಿ, "ಆಹಾ, ಎಂಥಾ ವಾಸನೆ ಅಣ್ಣ" ಎಂದೆ. ಅವರು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಮುಚ್ಚಳ ಹಾಕಿದರು.

"ನನಗೆ ವಾಸನೆ ಹೋಗಿ ನಾಲ್ಕು ವರ್ಷ ಆಯ್ತು ಮೇಡಂ. ಫಾರ್ಮಲಿನ್ ತಿಂದು ಹಾಕಿತು."

ಹೇಳಿದ್ದು ಅಷ್ಟೇ. ದೂರಿನ ದನಿಯೂ ಇರಲಿಲ್ಲ. ಅವರ ಬೆರಳ ತುದಿಗಳ ಚರ್ಮ ಬಿರುಕು ಬಿಟ್ಟು ಸುಲಿಯುತ್ತಿದ್ದುದನ್ನು ನಾನು ಆಮೇಲೆ ಗಮನಿಸಿದೆ. ಕೈಗವಸು ತರಿಸಿಕೊಟ್ಟರೆ, ಅದು ಹಾಕಿಕೊಂಡರೆ ಜಾಡಿ ಜಾರುತ್ತದೆ ಎಂದು ಎತ್ತಿಟ್ಟರು.

ಮ್ಯೂಸಿಯಮ್ಮಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೈಗೆತ್ತಿಕೊಂಡದ್ದು ಒಂದು ಬಾವಲಿಯ ಭ್ರೂಣದ ಜಾಡಿ. ಹುಟ್ಟುವ ಮುಂಚೆಯೇ ತಾಯಿಯೊಂದಿಗೆ ಸತ್ತದ್ದಿರಬೇಕು. ಎರಡೂ ರೆಕ್ಕೆಗಳನ್ನು ಮುಖದ ಮುಂದೆ ಮಡಿಸಿಕೊಂಡು, ಅಳುವ ಮಗು ಕೈಯಲ್ಲಿ ಮುಖ ಮುಚ್ಚಿಕೊಂಡ ಹಾಗೆ ಕುಳಿತಿತ್ತು. ರೆಕ್ಕೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರೊಳಗೆ ನಾಲ್ಕು ಬೆರಳುಗಳು ನಿಚ್ಚಳವಾಗಿ ಕಾಣುತ್ತಿದ್ದವು, ಹೆಬ್ಬೆರಳು ಮಾತ್ರ ಹೊರಗೆ. ಪ್ರತಿ ವರ್ಷ ಎರಡನೇ ವರ್ಷದ ಕ್ಲಾಸಿಗೆ ಅದನ್ನು ಒಯ್ದು ತೋರಿಸುತ್ತಿದ್ದೆ. ತಾಯ ಹೊಟ್ಟೆಯಲ್ಲಿ ಎಲ್ಲರ ಕೈಯೂ ಮೊದಲು ಒಂದು ಪುಟ್ಟ ಸೌಟಿನ ಹಾಗೆ ಇರುತ್ತದೆ ಎಂದು ಹೇಳುತ್ತಿದ್ದೆ. ನಿಮ್ಮದೂ, ಕೋಳಿಯದೂ, ಬಾವಲಿಯದೂ. ಆಮೇಲೆ ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿ ಸಾಯುತ್ತವೆ. ಅವು ಸತ್ತ ಜಾಗವೇ ಸಂದು. ಹಾಗೆ ಸತ್ತದ್ದರಿಂದ ನಮಗೆ ಬಿಡಿ ಬಿಡಿ ಬೆರಳು ಬಂದಿವೆ; ಬಾವಲಿಯಲ್ಲಿ ಅವು ಸಾಯದೆ ಉಳಿದದ್ದರಿಂದ ಅದಕ್ಕೆ ರೆಕ್ಕೆ ಬಂದಿದೆ. ಇಷ್ಟು ಹೇಳಿದ ಮೇಲೆ ಹುಡುಗಿಯರು ತಮ್ಮ ಬೆರಳ ಸಂದುಗಳನ್ನು ನೋಡಿಕೊಳ್ಳುತ್ತಿದ್ದರು. ನನಗೆ ಅದು ಖುಷಿಯ ಪಾಠವಾಗಿತ್ತು.

ಮದುವೆಯಾಗಿ ಆರು ವರ್ಷದ ಮೇಲೆ ನಾನು ಬಸುರಿಯಾದೆ. ನನ್ನ ಗಂಡನ ಕೆಲಸ ಗುರುಗ್ರಾಮದಲ್ಲಿ. ಬೆಳಿಗ್ಗೆ ಏಳಕ್ಕೆ ಮೆಟ್ರೋ ಹತ್ತಿದರೆ ಕತ್ತಲಾದ ಮೇಲೇ ಮನೆ. ಅವರು ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಆದರೆ ಆ ತಿಂಗಳುಗಳಲ್ಲಿ ಬರುವಾಗ ದಿನಕ್ಕೊಂದು ಹಣ್ಣು ತರುತ್ತಿದ್ದರು. ಏಳನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಹೃದಯದಲ್ಲಿ ತೊಂದರೆ ಇದೆ, ಹುಟ್ಟಿದ ಮೇಲೆ ಆಪರೇಷನ್ ಬೇಕಾಗಬಹುದು ಎಂದರು. ಕೈ ಕಾಣಲಿಲ್ಲ. ಮುಷ್ಟಿ ಕಟ್ಟಿದೆ ಎಂದರು ಅಷ್ಟೇ.

ಹೆಣ್ಣು ಮಗು. ಒಂಬತ್ತು ದಿನ ಬದುಕಿತ್ತು. ನನಗೆ ಸಿಸೇರಿಯನ್ ಆಗಿ, ಹೊಲಿಗೆಯಲ್ಲಿ ಕೀವಾಗಿ, ಜ್ವರ. ಮಗು ಬೇರೆ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ. ಗಾಲಿಕುರ್ಚಿಯಲ್ಲಿ ನನ್ನನ್ನು ದಿನಕ್ಕೊಮ್ಮೆ ಕರೆದೊಯ್ಯುತ್ತಿದ್ದರು. ಮೂರನೇ ದಿನ ನರ್ಸ್ ಬಟ್ಟೆ ಬದಲಿಸುವಾಗ ಬಲಗೈ ಬಿಚ್ಚಿಕೊಂಡಿತು. ಬೆರಳುಗಳು ಕೂಡಿಕೊಂಡಿದ್ದವು. ನರ್ಸ್ ನನ್ನ ಮುಖ ನೋಡಿ, ಮಲಯಾಳಿ ಹಿಂದಿಯಲ್ಲಿ, ಇದು ದೊಡ್ಡ ವಿಷಯವಲ್ಲ ದೀದಿ, ಆಮೇಲೆ ಬಿಡಿಸಬಹುದು ಎಂದಳು. ದೊಡ್ಡ ವಿಷಯ ಹೃದಯದ್ದು. ಅಲ್ಲಿ ಏಳಬೇಕಾದ ಗೋಡೆ ಎದ್ದಿರಲಿಲ್ಲ. ಅದನ್ನೂ ನಾನೇ ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟು ವರ್ಷ ಕಲಿಸಿದ್ದೆ. ನನಗೆ ಯಾವ ವೈದ್ಯರೂ ಹೆಚ್ಚು ವಿವರಿಸಬೇಕಾಗಲಿಲ್ಲ, ಅದೇ ಕಷ್ಟವಾಯಿತು.

ಮಗು ಹೋದ ದಿನ ನನ್ನ ಜ್ವರ ಇಳಿದಿರಲಿಲ್ಲ. ಅಮ್ಮ ಊರಿನಿಂದ ರೈಲು ಹತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇಷ್ಟು ದೊಡ್ಡ ಊರಿನಲ್ಲಿ ನಮಗೆ ನೆಂಟರೆಂದು ಯಾರೂ ಇಲ್ಲ. ನನ್ನ ಗಂಡ ಅಣ್ಣನಿಗೆ ಫೋನ್ ಮಾಡಿದರು. ಇಬ್ಬರೂ ಸೇರಿ ಮಗುವನ್ನು ಒಯ್ದರು. ಎಲ್ಲಿಗೆ, ಹೇಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮನೆಗೆ ಬಂದ ಮೇಲೆ ತೊಟ್ಟಿಲಿಗೆಂದು ತಂದಿದ್ದ ಬಟ್ಟೆಗಳು ಕಾಣಲಿಲ್ಲ. ಅದನ್ನೂ ಕೇಳಲಿಲ್ಲ. ನಾವಿಬ್ಬರೂ ಊಟಕ್ಕೆ ಏನು ಮಾಡುವುದು, ನೀರಿನ ಟ್ಯಾಂಕ್ ತುಂಬಿತೇ, ಇಷ್ಟನ್ನೇ ಮಾತಾಡಿಕೊಂಡು ತಿಂಗಳುಗಟ್ಟಲೆ ಕಳೆದೆವು.

ರಜೆ ಮುಗಿಸಿ ಕಾಲೇಜಿಗೆ ಹೋದೆ. ಯಾರೂ ಏನೂ ಕೇಳಲಿಲ್ಲ. ಮೂರನೇ ವಾರ ಆ ಪಾಠ ಬಂತು. ಮ್ಯೂಸಿಯಮ್ಮಿಗೆ ಹೋಗಿ ನೋಡಿದರೆ ಬಾವಲಿಯ ಜಾಡಿ ಅದರ ಜಾಗದಲ್ಲಿ ಇರಲಿಲ್ಲ. ಪಕ್ಕದ ಎರಡು ಜಾಡಿಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಆ ಖಾಲಿ ಜಾಗ ತುಂಬಿಸಿದ್ದರು. ಇನ್ನೊಂದು ಸಾಲಿನಲ್ಲಿದ್ದ ನಾಲ್ಕು ಕಾಲಿನ ಕೋಳಿಮರಿಯೂ ಕಾಣಲಿಲ್ಲ, ಭ್ರೂಣಗಳ ಒಂದು ಜಾಡಿಯೂ ಇರಲಿಲ್ಲ. ಅಣ್ಣ ಸಿಂಕಿನಲ್ಲಿ ತಟ್ಟೆಗಳನ್ನು ತೊಳೆಯುತ್ತಿದ್ದರು.

"ಅಣ್ಣ, ಬಾವಲಿ ಎಲ್ಲಿ?"

ಅವರು ನಲ್ಲಿ ನಿಲ್ಲಿಸಿದರು. ತಿರುಗಲಿಲ್ಲ.

"ಒಳಗೆ ಇಟ್ಟಿದ್ದೇನೆ ಮೇಡಂ. ಸ್ಟೋರಿನಲ್ಲಿ."

"ಯಾಕೆ?"

"ನಿಮ್ಮ ಕಣ್ಣಿಗೆ ಬೀಳೋದು ಬೇಡ ಅಂತ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮಗುವಿನ ಕೈಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. "ನೀವು ನೋಡಿದ್ರಾ?" ಎಂದೆ.

ಅವರು ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕುಳಿತರು. ಅದಕ್ಕೆ ಮೊದಲು ಅವರು ನನ್ನ ಎದುರು ಕುಳಿತದ್ದೇ ಇಲ್ಲ.

"ಕಾರಿನಲ್ಲಿ ನಾನೇ ಎತ್ತಿಕೊಂಡಿದ್ದೆ ಮೇಡಂ. ಸಾಹೇಬರು ಡ್ರೈವ್ ಮಾಡ್ತಿದ್ದರು. ಒಂದು ಕಡೆ ಗುಂಡಿಗೆ ಚಕ್ರ ಇಳಿದು ಕಾರು ಎತ್ತಿ ಹಾಕಿತು, ಬಟ್ಟೆ ಸರಿದು ಕೈ ಹೊರಗೆ ಬಂತು. ನಾನು ಒಳಗೆ ಇಟ್ಟು ಸುತ್ತಿದೆ. ಸಾಹೇಬರು ನೋಡಲಿಲ್ಲ. ರಸ್ತೆ ನೋಡ್ತಿದ್ದರು."

ಆಮೇಲೆ ನಾನು ಕೇಳದೆಯೇ ಉಳಿದದ್ದನ್ನೂ ಹೇಳಿದರು. ಊರಾಚೆ ಒಂದು ಸ್ಮಶಾನದ ಪಕ್ಕ ಎಳೆ ಮಕ್ಕಳನ್ನು ಹೂಳಲೆಂದೇ ಬಿಟ್ಟ ಜಾಗ. ಜಾಲಿ ಮರಗಳು. ಅಲ್ಲಿನವನು ತೋಡಿದ ಗುಂಡಿ ಆಳ ಸಾಲದು ಅನ್ನಿಸಿ, ಅಣ್ಣ ಅವನ ಕೈಯಿಂದ ಸಲಿಕೆ ತೆಗೆದುಕೊಂಡು ತಾವೇ ಇಳಿದು ತೋಡಿದರಂತೆ. ನಾಯಿಗಳ ಭಯಕ್ಕೆ ಮೇಲೆ ಕಲ್ಲು ಜೋಡಿಸಿದರಂತೆ. ಮುಚ್ಚುವ ಮೊದಲು ನಾಲ್ಕು ಕಾಳು ಸಕ್ಕರೆ, ಒಂದು ಚಮಚ ಹಾಲು. ಮನೆಯಿಂದ ಒಯ್ದ ಹೊಸ ಬಟ್ಟೆಗಳನ್ನೆಲ್ಲ ಒಳಗೇ ಹಾಕಿದರಂತೆ.

"ತಣ್ಣಗಿನ ಜಾಗ ಮೇಡಂ. ಯಾವಾಗ ಬೇಕಾದರೂ ಹೇಳಿ, ನಾನು ಕರಕೊಂಡು ಹೋಗ್ತೇನೆ. ನನಗೆ ಗುರುತು ಉಂಟು."

ಈಗ ಬೇಡ ಅಣ್ಣ ಎಂದೆ. ನಾನು ಅತ್ತೆ. ಆ ಕೋಣೆಯಲ್ಲಿ ಕಣ್ಣಲ್ಲಿ ನೀರು ಬರುವುದು ಯಾರಿಗೂ ಹೊಸದಲ್ಲ. ಮಧ್ಯೆ ಬಂದ ವಿದ್ಯಾರ್ಥಿನಿಯೊಬ್ಬಳು ರಿಜಿಸ್ಟರ್ ಇಟ್ಟು ಸುಮ್ಮನೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಜಾಡಿ ತನ್ನಿ ಎಂದೆ. ಅವರು ಹಿಂದೆ ಮುಂದೆ ನೋಡಿದರು. "ತನ್ನಿ ಅಣ್ಣ" ಎಂದೆ. ತಂದು ಕಿಟಕಿಯ ಹತ್ತಿರ ಇಟ್ಟರು. ಬಟ್ಟೆಯಿಂದ ಗಾಜು ಒರೆಸಿದರು.

ಇಬ್ಬರೂ ನೋಡುತ್ತ ಕುಳಿತೆವು. ಬಿಸಿಲು ಬಿದ್ದಾಗ ರೆಕ್ಕೆಯ ಚರ್ಮದೊಳಗೆ ಕೂದಲಿನಷ್ಟು ಸಣ್ಣ ರಕ್ತನಾಳಗಳ ಬಲೆ ಕಾಣಿಸಿತು. ಅಷ್ಟು ವರ್ಷ ನೋಡಿಯೂ ನಾನು ಅದನ್ನು ಗಮನಿಸಿರಲಿಲ್ಲ. ನನಗೆ ಭಯವಾಗಲಿಲ್ಲ, ಹೇಸಿಗೆಯಂತೂ ಆಗಲೇ ಇಲ್ಲ. ನನ್ನ ಮಗಳ ಕೈ ನೋಡಿದಾಗಲೂ ಆಗಿರಲಿಲ್ಲ. ಅದನ್ನು ಯಾರಿಗೂ ಹೇಳಲು ಧೈರ್ಯ ಬಂದಿರಲಿಲ್ಲ ಅಷ್ಟೇ. ನೋಡಿದ ಮೊದಲ ಗಳಿಗೆ, ದುಃಖಕ್ಕಿಂತ ಮೊದಲು, ಎಷ್ಟು ಚೆಂದ ಅನ್ನಿಸಿತ್ತು. ತಾಯಿಯಾದವಳಿಗೆ ಹಾಗೆ ಅನ್ನಿಸಬಹುದೇ ಎಂದು ತಿಂಗಳುಗಟ್ಟಲೆ ನನ್ನನ್ನು ನಾನೇ ಬೈದುಕೊಂಡಿದ್ದೆ. ಆ ಹೊತ್ತು ಅಣ್ಣನಿಗೆ ಹೇಳಿದೆ.

ಅವರು ತಲೆಯಾಡಿಸಿದರು. "ನನಗೂ ಹಾಗೇ ಕಂಡಿತು ಮೇಡಂ" ಎಂದರು. "ಹೇಳಬಾರದು ಅಂತ ಸುಮ್ಮನಿದ್ದೆ."

ಮರುದಿನ ಆ ಪಾಠ ಮಾಡಿದೆ. ಜೀವಕೋಶಗಳು ಸಾಯುವುದರ ಬಗ್ಗೆ ಹೇಳುವಾಗ ಅರ್ಧ ವಾಕ್ಯಕ್ಕೇ ನಿಲ್ಲಿಸಿ ಬೋರ್ಡಿನ ಕಡೆ ತಿರುಗಿದೆ. ಮುಂದಿನ ಬೆಂಚಿನ ಹುಡುಗಿ, "ಮ್ಯಾಮ್, ಪಾನಿ?" ಎಂದು ತನ್ನ ಬಾಟಲಿ ಚಾಚಿದಳು. ಕುಡಿದು ಪಾಠ ಮುಗಿಸಿದೆ.

ಅದಾಗಿ ಮೂರು ವರ್ಷಕ್ಕೆ ಮ್ಯೂಸಿಯಂ ಹೋಯಿತು. ಪ್ರಾಣಿಗಳನ್ನು ಕೊಯ್ಯುವ ಪ್ರಾಕ್ಟಿಕಲ್‌ಗಳು ಆಗಲೇ ನಿಂತಿದ್ದವು, ಫಾರ್ಮಲಿನ್ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆ ಕೋಣೆ ಕಂಪ್ಯೂಟರ್ ಲ್ಯಾಬಿಗೆ ಬೇಕಾಯಿತು. ನಾನು ಪ್ರಿನ್ಸಿಪಾಲರಿಗೆ ಪತ್ರ ಬರೆದೆ. ಅವರು ಕರೆದು ಸಮಾಧಾನವಾಗಿಯೇ ಮಾತಾಡಿದರು. ಒಣಗಿದವನ್ನು ಬೇಕಾದರೆ ಇಟ್ಟುಕೊಳ್ಳಿ, ದ್ರವದಲ್ಲಿ ಇರುವುದೆಲ್ಲ ಹೋಗಬೇಕು ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಣ್ಣನ ಕೈ, ಮೂಗು, ಆಗಾಗ ಬರುತ್ತಿದ್ದ ಕೆಮ್ಮು ನೋಡಿದ್ದ ನನಗೆ ಎದುರು ಹೇಳಲು ಏನಿತ್ತು? ಹವಳ, ಚಿಪ್ಪು, ಗಾಜಿನೆಳೆಯ ಸ್ಪಂಜು ಉಳಿದವು.

ಮೇ ತಿಂಗಳ ಒಂದು ಮಧ್ಯಾಹ್ನ ಜಾಡಿಗಳನ್ನು ಒಯ್ಯಲು ಮಿನಿ ಟ್ರಕ್ ಬಂತು. ಹೊರಗೆ ಬಿಸಿ ಗಾಳಿ ಬೀಸುತ್ತಿತ್ತು. ಅಣ್ಣ ಬೆಳಿಗ್ಗೆಯೇ ಬಂದು ಎಲ್ಲ ಜಾಡಿಗಳ ಮುಚ್ಚಳಕ್ಕೂ ಹೊಸದಾಗಿ ಮೇಣ ಹಾಕಿದ್ದರು. ಬಿಸಾಡುವುದಕ್ಕೆ ಯಾಕಣ್ಣ ಇಷ್ಟು ಎಂದರೆ, ದಾರಿಯಲ್ಲಿ ಚೆಲ್ಲಬಾರದಲ್ಲ ಎಂದರು. ಟ್ರಕ್ಕಿನವರು ಅಡ್ಡಡ್ಡ ಪೇರಿಸತೊಡಗಿದಾಗ ಮೊದಲ ಬಾರಿ ಅವರ ದನಿ ಏರಿದ್ದನ್ನು ಕೇಳಿದೆ.

"ಭಯ್ಯಾ, ಸೀದಾ ರಖೋ. ಸೀದಾ."

ಬಾವಲಿಯ ಜಾಡಿಯನ್ನು ಅವರೇ ಒಯ್ದು ಒಂದು ಮೂಲೆಯಲ್ಲಿ ರಟ್ಟಿನ ನಡುವೆ ಸೇರಿಸಿದರು. ಕಾಲಿಲ್ಲದ ಆ ತಾಯಿಪ್ರಾಣಿಯನ್ನೂ ಅಲ್ಲೇ ಇಟ್ಟರು. ಟ್ರಕ್ಕು ಗೇಟು ದಾಟುವವರೆಗೂ ಬಿಸಿಲಲ್ಲಿ ನೆಟ್ಟಗೆ ನಿಂತಿದ್ದರು. ಆ ವರ್ಷದ ಕೊನೆಗೆ ಅವರೂ ನಿವೃತ್ತರಾದರು.

ಊರಿಗೆ ಹೋಗುತ್ತಾರೆಂದು ನಾನು ಎಣಿಸಿದ್ದೆ, ಹೋಗಲಿಲ್ಲ. ಮಗಳು, ಮೊಮ್ಮಕ್ಕಳು ಇಲ್ಲೇ ಇದ್ದರು. ಕೆಮ್ಮು ಹೆಚ್ಚಾಗಿ, ಮರು ಚಳಿಗಾಲಕ್ಕೆ ಉಸಿರಿಗೆ ಯಂತ್ರ ಬೇಕಾಯಿತು. ಭಾನುವಾರಗಳಲ್ಲಿ ಹೋಗಿ ಕುಳಿತು ಬರುತ್ತಿದ್ದೆ. ಹೊಗೆ ಮುಸುಕಿದ ನವೆಂಬರಿನಲ್ಲಿ ಅವರ ಹೆಂಡತಿ ಕಿಟಕಿಯ ಸಂದುಗಳಿಗೆಲ್ಲ ಹಳೆ ಸೀರೆಯ ಚೂರು ತುರುಕಿದ್ದರು. ಅಣ್ಣ ಮಾತಾಡುವುದನ್ನು ಕಡಿಮೆ ಮಾಡಿದ್ದರು. ಒಂದು ದಿನ, ಎರಡು ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳುತ್ತ, "ನೀವು ಒಮ್ಮೆ ಆ ಜಾಗಕ್ಕೆ ಹೋಗಬೇಕಿತ್ತು ಮೇಡಂ" ಎಂದರು.

"ಚಳಿ ಮುಗಿಯಲಿ ಅಣ್ಣ. ನೀವು ಹುಷಾರಾಗಿ. ಜೊತೆಗೇ ಹೋಗೋಣ."

ಅವರು ನಕ್ಕರು. ಜನವರಿಯಲ್ಲಿ ಹೋಗಿಬಿಟ್ಟರು.

ಅವರ ಕ್ರಿಯೆ ಮುಗಿದು ಒಂದು ತಿಂಗಳಾಗಿರಬೇಕು. ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಗಂಡನಿಗೆ, "ನನ್ನ ಅಲ್ಲಿಗೆ ಕರ್ಕೊಂಡು ಹೋಗ್ರಿ" ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಲೋಟ ಇಟ್ಟು, ಅಂಗಿ ಬದಲಿಸಿ ಬಂದರು.

ಆ ಜಾಗ ಈಗ ಬೇರೆಯಾಗಿತ್ತು. ಹೊಸ ಕಾಂಪೌಂಡ್ ಎದ್ದಿತ್ತು, ಜಾಲಿ ಮರಗಳನ್ನು ಕಡಿದಿದ್ದರು, ನೆಲ ಮಟ್ಟ ಮಾಡಿ ಸಾಲಾಗಿ ಬೇವಿನ ಸಸಿ ನೆಟ್ಟಿದ್ದರು. ನನ್ನ ಗಂಡ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎರಡು ಸಲ ನಡೆದರು. "ಇಲ್ಲೇ ಎಲ್ಲೋ" ಎಂದರು. "ಅವರಿಗೆ ಗೊತ್ತಿತ್ತು. ನಾನು ಆವತ್ತು ಏನೂ ನೋಡಲಿಲ್ಲ."

ಅಲ್ಲಿನ ಕಾವಲಿನ ಮುದುಕ ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಹೇಳಿದೆವು. ಮಗುವಿನ ಹೆಸರೇನು ಎಂದ. ಹೆಸರು ಇಟ್ಟಿರಲಿಲ್ಲ ಎಂದೆ. ಅವನು ತಾನೂ ಸುತ್ತ ಒಮ್ಮೆ ನೋಡಿ, "ಸಬ್ ಬಚ್ಚೇ ಹೀ ಹ್ಯಾಂ ಯಹಾಂ, ಬೇಟಿ" ಎಂದ; ಇಲ್ಲಿರುವವರೆಲ್ಲ ಮಕ್ಕಳೇ ಮಗಳೇ, ಎಂದು. ನಾನು ತಂದಿದ್ದ ಹಾಲನ್ನು ಒಂದು ಸಸಿಯ ಬುಡಕ್ಕೆ ಹಾಕಿದೆ. ಯಾವ ಸಸಿ ಎಂದು ಆರಿಸಲಿಲ್ಲ, ಹತ್ತಿರ ಇದ್ದದ್ದಕ್ಕೆ ಹಾಕಿದೆ.

ಬರುವಾಗ ಅರ್ಧ ದಾರಿಯಲ್ಲಿ ಅವರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಎಂಜಿನ್ ಆರಿಸಿದರು.

"ಕೈ ಹಾಗಿತ್ತು ಅಂತ ಡಾಕ್ಟರ್ ಹೇಳಿದ್ದರು" ಎಂದರು. "ನಾನು ನೋಡಲೇ ಇಲ್ಲ. ಧೈರ್ಯ ಆಗಲಿಲ್ಲ. ಹೇಗಿತ್ತು?"

ನಾನು ಹೇಳಿದೆ. ಹೆಬ್ಬೆರಳು ಬೇರೆ ಇತ್ತು, ಉಳಿದ ನಾಲ್ಕೂ ಒಂದೇ ಚರ್ಮದೊಳಗೆ ಇದ್ದವು ಎಂದೆ. ಉಗುರು ಮಾತ್ರ ನಾಲ್ಕೂ ಬೇರೆ ಬೇರೆ, ಅಕ್ಕಿ ನುಚ್ಚಿನಷ್ಟು. ವಾರ್ಡಿನ ದೀಪ ಹಿಂದಿನಿಂದ ಬೀಳುವಾಗ ಸಂದಿನ ಚರ್ಮ ದಾಸವಾಳದ ಎಸಳಿನ ಹಾಗೆ ಕೆಂಪಗೆ ಕಾಣುತ್ತಿತ್ತು. ನನ್ನ ಬೆರಳು ಕೊಟ್ಟಾಗ ಇಡೀ ಅಂಗೈಯಿಂದ ಸುತ್ತಿ ಹಿಡಿದುಕೊಂಡಿತ್ತು, ಬಿಡಿಸಿಕೊಳ್ಳಲು ನರ್ಸ್ ಬರಬೇಕಾಯಿತು.

"ಚೆನ್ನಾಗಿತ್ತಾ?"

"ತುಂಬಾ ಚೆನ್ನಾಗಿತ್ತು."

ಅವರು ಅಳುತ್ತಿದ್ದರು. ಮಗು ಹೋದ ಮೇಲೆ ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಅದೇ ಮೊದಲು. ಮುಖ ಒರೆಸಿಕೊಂಡು, "ಇನ್ನೂ ಹೇಳು" ಎಂದರು. ಕೂದಲು ಹೇಗಿತ್ತು, ಕಿವಿ ಯಾರ ಹಾಗಿತ್ತು, ನಿದ್ದೆಯಲ್ಲಿ ತುಟಿ ಹೇಗೆ ಆಡಿಸುತ್ತಿತ್ತು, ನನಗೆ ನೆನಪಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಒಂಬತ್ತು ದಿನದ ವಿಷಯ. ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.